ವಂಶಾವಳಿಯಲ್ಲಿ ಇಲ್ಲದ ಸೋದರತ್ತೆ

ಮುದಗಲ್ಲಿನ ಚರಿತ್ರೆಯಲ್ಲಿ ಮದುವೆಯನ್ನು ಒಲ್ಲೆನೆಂದ ಹುಡುಗಿಯೊಬ್ಬಳ ಹೆಸರು ಉಳಿದಿದೆ. ಅಕ್ಕಸಾಲಿಗರ ಮಗಳು. ಫೆರಿಷ್ತಾ ಬರೆದ ಇತಿಹಾಸದ ಒಂದು ಅನುವಾದದಲ್ಲಿ ನೇಹಾಳ, ಇನ್ನೊಂದರಲ್ಲಿ ಪರ್ತಾಲ. ವಿಜಯನಗರದ ಒಂದನೇ ದೇವರಾಯ ಒಡವೆ ಕಳಿಸಿ ಕೇಳಿದ. ಹೆತ್ತವರು ಒಪ್ಪಿದರು, ಹುಡುಗಿ ಒಪ್ಪಲಿಲ್ಲ. ರಾಣೀವಾಸ ಸೇರಿದರೆ ತಂದೆತಾಯಿಯ ಮುಖ ಮತ್ತೆ ಕಾಣುವಂತಿಲ್ಲ ಎಂಬುದು ಅವಳು ಕೊಟ್ಟ ಕಾರಣ. ಅವಳನ್ನು ಹಿಡಿದು ತರಲು ದಂಡು ಬಂತು. ಮನೆಯವರು ಅಷ್ಟರಲ್ಲಿ ಊರು ಬಿಟ್ಟಿದ್ದರು. ದಂಡು ಬಹಮನಿ ಸೀಮೆಯ ಊರುಗಳನ್ನು ಸುಲಿಯಿತು, 1406ರಲ್ಲಿ ಫಿರೋಜ್ ಷಾ ಯುದ್ಧಕ್ಕೆ ಇಳಿದ. ಗೆದ್ದ ಮೇಲೆ ಅವಳನ್ನು ಕರೆಸಿ ಮಗ ಹಸನ್ ಖಾನನಿಗೆ ಮದುವೆ ಮಾಡಿದ.

ಫೆರಿಷ್ತಾ ಇದನ್ನು ಬರೆದದ್ದು ಎರಡು ಶತಮಾನ ಕಳೆದ ಮೇಲೆ, ಕಟ್ಟುಕಥೆಯೂ ಬೆರೆತಿರಬಹುದು. ನನ್ನನ್ನು ಕಾಡುವುದು ಬೇರೆ ಮಾತು. ಕೇಳಿದವನು ರಾಜನಾಗಿದ್ದರಿಂದ ಅವಳ ಒಲ್ಲೆತನ ದಾಖಲಾಯಿತು. ಕೇಳಲು ರಾಜ ಬಾರದ ಮನೆಗಳಲ್ಲಿ, ಮದುವೆಯಾಗದೆ ತವರಲ್ಲೇ ಬಾಳಿ ಮುಗಿಸಿದವರ ಹೆಸರು ಎಲ್ಲಿದೆ?

ನಮ್ಮ ಕಡೆ ಹೆಳವರು ಬಂದು ಹೇಳುವ ವಂಶಾವಳಿ ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಇಳಿಯುತ್ತದೆ. ಮದುವೆಯಾದವಳು ಗಂಡನ ಮನೆಯಲ್ಲಿ ಯಾರದೋ ತಾಯಿಯಾಗಿಯಾದರೂ ನೆನಪಾಗುತ್ತಾಳೆ. ಮದುವೆಯಾಗದವಳಿಗೆ ಅದೂ ಇಲ್ಲ. ಮೊಹರಂಗೆ ನೆಂಟರು ಬಂದಿಳಿದಾಗ ನಸುಕಿಗೇ ಒಲೆ ಹಚ್ಚಿ ಬುಟ್ಟಿ ತುಂಬ ರೊಟ್ಟಿ ಬಡಿಯುವವಳು ಅವಳು. ಅಣ್ಣನ ಹೆಂಡತಿಯ ಬಾಣಂತನ, ತಾಯಿಯ ಕಡೆಗಾಲದ ಹಾಸಿಗೆ, ಸುಗ್ಗಿಯಲ್ಲಿ ಕೂಲಿಯವರ ಲೆಕ್ಕ, ಎಲ್ಲವೂ ಅವಳ ಪಾಲಿನವೇ. ಉಡಿ ತುಂಬುವ ಹೊತ್ತಿಗೆ ಮಾತ್ರ ಅವಳು ಒಳಗಿನ ಕೋಣೆಯಲ್ಲಿ. ‘ಪಾಪ, ಕಂಕಣ ಕೂಡಿಬರಲಿಲ್ಲ’ ಎಂಬ ಒಂದೇ ಮಾತಿನಲ್ಲಿ ಅರವತ್ತು ವರ್ಷದ ದುಡಿಮೆ ಮುಚ್ಚಿಹೋಗುತ್ತದೆ.

ಮಗಳಿಂದ ವಂಶ ಮುಂದುವರಿಯದು ಎಂಬುದೂ ಪೂರ್ತಿ ನಿಜವಲ್ಲ. ಗಂಡುಸಂತಾನವಿಲ್ಲದ ಮನೆಗಳು ಮಗಳನ್ನು ಬಸವಿ ಬಿಟ್ಟು, ಮಗನಂತೆ ಆಸ್ತಿಗೆ ಹಕ್ಕುದಾರಳನ್ನಾಗಿ ಮಾಡಿದ್ದು ಬಳ್ಳಾರಿ, ರಾಯಚೂರು ಸೀಮೆಯ ಚರಿತ್ರೆಯೇ. ಕುಟುಂಬಕ್ಕೆ ಬೇಕಾದಾಗ ಹೆಣ್ಣು ವಾರಸುದಾರಳಾಗಬಲ್ಲಳು. ಅದಕ್ಕೆ ಅವಳು ತೆತ್ತ ಬೆಲೆ ಘೋರ. ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನು 1982ರ ಕಾಯ್ದೆ ಅಪರಾಧವೆಂದಿತು. ಆ ಪದ್ಧತಿ ಹೋಗಲೇಬೇಕಿತ್ತು. ಅದರೊಂದಿಗೆ ಮಗಳ ಹಕ್ಕೂ ಹೋಗಬೇಕಿರಲಿಲ್ಲ.

ಹಕ್ಕನ್ನು ಕಾನೂನು ಬೇರೆ ದಾರಿಯಲ್ಲಿ ತಂದಿತು. 1994ರ ಕರ್ನಾಟಕದ ತಿದ್ದುಪಡಿ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನ ಸಮನಾದ ಪಾಲು ಕೊಟ್ಟಿತು, ಆದರೆ ಅಷ್ಟರೊಳಗೆ ಮದುವೆಯಾದವರನ್ನು ಹೊರಗಿಟ್ಟಿತು. ಕಾಗದದ ಮೇಲಾದರೂ ಮದುವೆಯಾಗದವಳ ಕೈ ಮೇಲಾದದ್ದು ಆಗ. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನೂ ಅಳಿಸಿತು. ಮನೆಯೊಳಗಿನ ವಾದ ಮಾತ್ರ ಬದಲಾಗಲಿಲ್ಲ: ‘ಮಕ್ಕಳಿಲ್ಲದವಳಿಗೆ ಹೊಲ ಯಾಕೆ? ತಮ್ಮಂದಿರು ನೋಡಿಕೊಳ್ಳೋದಿಲ್ಲೇನು?’ ಹೀಗೆಂದೇ ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುತ್ತಾರೆ.

ಹೊಲ ಮನೆತನದಿಂದ ಹೋಗಿಬಿಡುತ್ತದೆ ಎಂಬ ಹೆದರಿಕೆಗೆ ಇಲ್ಲಿ ಬುಡವೇ ಇಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಮಿನ ಪ್ರಕಾರ, ತಂದೆತಾಯಿಯಿಂದ ಬಂದ ಆಸ್ತಿ ಮಕ್ಕಳಿಲ್ಲದ ಮಗಳ ನಂತರ, ಅವಳು ಉಯಿಲು ಬರೆಯದಿದ್ದರೆ, ತಂದೆಯ ವಾರಸುದಾರರಿಗೇ ಮರಳುತ್ತದೆ. ಬದುಕಿರುವಷ್ಟು ಕಾಲ ತನ್ನ ಅನ್ನ ತನ್ನ ಹೆಸರಿನಲ್ಲಿರಲಿ ಎಂಬುದಷ್ಟೇ ಅವಳ ಕೇಳಿಕೆ. ತಮ್ಮಂದಿರು ನೋಡಿಕೊಳ್ಳುತ್ತಾರೆ ಎಂಬ ಮಾತು ಎಲ್ಲ ಮನೆಯಲ್ಲೂ ನಡೆದಿದ್ದರೆ, ನಲವತ್ತು ದಾಟಿದ ಬಡ ಅವಿವಾಹಿತೆಯರಿಗಾಗಿ ಸರ್ಕಾರ 2013ರಲ್ಲಿ ಮನಸ್ವಿನಿ ಮಾಸಾಶನ ತರಬೇಕಾಗುತ್ತಿರಲಿಲ್ಲ.

ನಿಮ್ಮ ಮನೆಯಲ್ಲೂ ಅಂಥ ಸೋದರತ್ತೆ ಇದ್ದಾರು. ಪೌತಿ ಖಾತೆಗೆ ವಂಶಾವಳಿ ಬರೆಸುವಾಗ ಅವರ ಹೆಸರನ್ನು ಬಿಡಬೇಡಿ, ಪಾಲನ್ನೂ ಬರೆದುಕೊಡಿ. ತೀರಿಹೋಗಿದ್ದರೆ, ಅವರು ಯಾರು ಯಾರನ್ನು ಸಾಕಿದರು ಎಂಬುದನ್ನು ಮಕ್ಕಳಿಗೆ ಹೆಸರು ಹಿಡಿದು ಹೇಳಿ.