ಮೊದಲು ತಟ್ಟೆ, ಆಮೇಲೆ ಇದ್ದಿಲು



ಸಾಂಗ್ಲಿ ಪಕ್ಕದ ಹರಿಪುರದಲ್ಲಿ ವಾರಣಾ ನದಿ ಕೃಷ್ಣೆಯನ್ನು ಸೇರುತ್ತದೆ. ಅದೇ ನೀರು ಮುಂದೆ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಿಗೆ ಹರಿಯುತ್ತದೆ. ದಡದಲ್ಲಿ ಎಸೆದ ಪ್ಲಾಸ್ಟಿಕ್ ಸವೆದು 5 ಮಿಲಿಮೀಟರಿಗಿಂತ ಚಿಕ್ಕ ಚೂರಾದರೆ ಅದೇ ಮೈಕ್ರೋಪ್ಲಾಸ್ಟಿಕ್.

ಈ ಭಾಗದಲ್ಲಿ ಕಬ್ಬಿನ ರವದಿಯನ್ನು ಹೊಲದಲ್ಲೇ ಸುಡುತ್ತಾರೆ. ಗಾಳಿಯಾಡದಂತೆ ಮುಚ್ಚಿ ಕಾಯಿಸಿದರೆ ಅದು ಬಯೋಚಾರ್ ಎಂಬ ಇದ್ದಿಲಾಗುತ್ತದೆ. ಮರಳಿನ ಜೊತೆ ಪದರವಾಗಿ ಹಾಕಿ ನೀರು ಸೋಸಿದರೆ ಆ ಚೂರುಗಳನ್ನು ಹಿಡಿಯಬಲ್ಲದು. ಸೋಸಿದ ಇದ್ದಿಲನ್ನು ಹೊರತೆಗೆಯಬಹುದು. ಹೊಲಕ್ಕೆ ಬೆರೆಸಿದರೆ ಮಣ್ಣಿಗೆ ಲಾಭವುಂಟು, ಆದರೆ ಪ್ಲಾಸ್ಟಿಕ್ ಅಲ್ಲೇ ಉಳಿಯುತ್ತದೆ.

ಆದ್ದರಿಂದ ಇದ್ದಿಲು ಎರಡನೆಯ ಮದ್ದು. ಮೊದಲನೆಯದು ಎಸೆಯದಿರುವುದು. ಈ ಸಲ ಚರ್ಚ್ ಹಬ್ಬದ ಊಟಕ್ಕೆ ಸ್ಟೀಲ್ ತಟ್ಟೆ ಇಡೋಣ; ತೊಳೆಯಲು ಯುವಜನರೇ ನಿಲ್ಲೋಣ.