ಸರ್ವರ್ ನಿಂತರೆ ತಾಲ್ಲೂಕಿನಲ್ಲಿ ಯಾರನ್ನು ಕೇಳಬೇಕು?

2024ರ ಡಿಸೆಂಬರ್‌ನಿಂದ 2025ರ ಫೆಬ್ರವರಿ ಮೊದಲ ವಾರದವರೆಗೆ ರಾಜ್ಯದ ಆಸ್ತಿ ನೋಂದಣಿ ತಂತ್ರಾಂಶ ಕಾವೇರಿ 2.0 ಮತ್ತೆ ಮತ್ತೆ ಕೈಕೊಟ್ಟಿತು. ಕ್ರಯಕ್ಕೆ ದಿನ ಗೊತ್ತು ಮಾಡಿಕೊಂಡು, ಸಾಕ್ಷಿಗಳನ್ನೂ ಕರೆದುಕೊಂಡು ಬಂದವರು ಉಪನೋಂದಣಿ ಕಚೇರಿಗಳ ಬಾಗಿಲಲ್ಲಿ ಕಾದು ಕಾದು ಹಿಂತಿರುಗಿದರು. ಸಿಕ್ಕ ಉತ್ತರ ಒಂದೇ: ಸರ್ವರ್ ಇಲ್ಲ. ಇದು ಬರೀ ತಾಂತ್ರಿಕ ದೋಷವಲ್ಲ, ಯಾರೋ ಬೇಕೆಂದೇ ಮಾಡಿದ ದಾಳಿ ಎಂದು ಸರ್ಕಾರ ಬಾಯಿಬಿಟ್ಟದ್ದು, ಸೈಬರ್ ಪೊಲೀಸರಲ್ಲಿ ಪ್ರಕರಣ ದಾಖಲಾದದ್ದು ಫೆಬ್ರವರಿಯಲ್ಲಿ. ನಕಲಿ ಖಾತೆ ತೆರೆದು, ಋಣಭಾರ ಪ್ರಮಾಣಪತ್ರ (ಇಸಿ) ಹುಡುಕುವ ನೆಪದಲ್ಲಿ ಲಕ್ಷಗಟ್ಟಲೆ ಕೋರಿಕೆಗಳನ್ನು ಸುರಿದು ಇಡೀ ವ್ಯವಸ್ಥೆಯ ಉಸಿರು ಕಟ್ಟಿಸಿದ್ದರು.

ದಾಳಿ ಎನ್ನುವುದೇ ನೆಪ ಎಂದು ಕೆಲವರು ದೂರಿದರು. ದಾಳಿಯಾದರೆ ಇಲಾಖೆ ಏನು ಮಾಡೀತು ಎಂದು ಇನ್ನು ಕೆಲವರು ಮರುಗಿದರು. ನನ್ನ ತಕರಾರು ಎರಡಕ್ಕೂ ಸೇರಿದ್ದಲ್ಲ. ದಾಳಿ ನಡೆದದ್ದು ನಿಜವೇ ಇರಲಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯಂಥ ಊರುಗಳಲ್ಲಿ ಕೆಲಸ ಮುಂದುವರಿಸುವ ಅಧಿಕಾರ ಯಾವ ಅಧಿಕಾರಿಗೂ ಇಲ್ಲದಂತೆ ಈ ವ್ಯವಸ್ಥೆ ಕಟ್ಟಿದವರು ಯಾರು?

ಈ ಮೂರು ತಾಲ್ಲೂಕುಗಳ ಬದುಕು ಉಂಡೆ ಕೊಬ್ಬರಿಯ ಮೇಲೆ ನಿಂತಿದೆ. ಕಾಯಿ ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿ ಒಣಗಬೇಕು. ಒಂದು ವರ್ಷದ ದುಡಿಮೆಗೆ ಬೆಲೆ ಕಟ್ಟುವುದು ಮಾತ್ರ ತಿಪಟೂರು ಎಪಿಎಂಸಿಯ ಆನ್‌ಲೈನ್ ಟೆಂಡರ್‌ನ ಕೆಲವೇ ಗಂಟೆ. ಅದನ್ನು ನಡೆಸುವ ಏಕೀಕೃತ ಮಾರುಕಟ್ಟೆ ವೇದಿಕೆ 2014ರಲ್ಲಿ ಬಂತು. ಚೀಟಿ ಟೆಂಡರ್‌ಗಿಂತ ಅದು ಮೇಲು, ದಲ್ಲಾಳಿಗಳ ಒಳಮಾತಿಗೆ ಅದರಿಂದ ತಡೆ ಬಿತ್ತು ಎಂದೇ ನಾನು ನಂಬಿದ್ದೇನೆ. ಆದರೆ ಟೆಂಡರ್ ದಿನ ಆ ವೇದಿಕೆಯನ್ನು ಯಾರಾದರೂ ಕಾವೇರಿಗೆ ಮಾಡಿದಂತೆ ಮುಳುಗಿಸಿದರೆ? ಅದಕ್ಕಿಂತ ಕೆಟ್ಟದ್ದು, ದರದ ಅಂಕಿಯನ್ನೇ ತಿದ್ದಿದರೆ? ತಿಪಟೂರಿನ ದರ ನೋಡಿಕೊಂಡೇ ಸುತ್ತಲಿನ ವ್ಯಾಪಾರ ನಡೆಯುತ್ತದೆ. ಸಾಲ ತೀರಿಸಲು, ಮಗಳ ಮದುವೆಗೆ, ಕಾಲೇಜಿನ ಫೀಸಿಗೆ ಎಂದು ಅಟ್ಟ ಇಳಿಸಿದ ರೈತ ಮುಂದಿನ ಟೆಂಡರ್‌ವರೆಗೆ ಕಾಯುವುದಿಲ್ಲ, ಕೇಳಿದ ದರಕ್ಕೆ ಕೊಟ್ಟು ಹೋಗುತ್ತಾನೆ. ದಾಖಲೆ ಕೆಟ್ಟರೆ ಏನಾಗುತ್ತದೆಂದು 2024ರಲ್ಲಿ ಕಂಡಿದ್ದೇವೆ. ನಾಫೆಡ್ ಕೊಬ್ಬರಿ ಖರೀದಿಯ ನೋಂದಣಿಯಲ್ಲಿ ಅಕ್ರಮದ ದೂರು ಬಂದು, ಆ ನೋಂದಣಿಯನ್ನೇ ರದ್ದು ಮಾಡಿ, ರೈತರನ್ನು ಮತ್ತೆ ಸಾಲಿನಲ್ಲಿ ನಿಲ್ಲಿಸಿ ಬೆರಳಚ್ಚು ಪಡೆಯಬೇಕಾಯಿತು. ಅದು ಹೊರಗಿನವರ ದಾಳಿಯಲ್ಲ. ಆದರೂ ನೋವು ತಿಂದವರು ಇದೇ ರೈತರು.

ಇಂಥ ವ್ಯವಸ್ಥೆಗಳ ರಕ್ಷಣೆಗೆ ಕಾನೂನು ಇಲ್ಲ ಎನ್ನುವಂತಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 70ನೇ ಕಲಮು, ಕೆಟ್ಟು ನಿಂತರೆ ದೇಶದ ಭದ್ರತೆ, ಆರ್ಥಿಕತೆ, ಜನರ ಆರೋಗ್ಯ ಅಥವಾ ಸುರಕ್ಷತೆಗೆ ಪೆಟ್ಟು ಬೀಳುವಂಥ ಗಣಕ ವ್ಯವಸ್ಥೆಯನ್ನು ‘ಸಂರಕ್ಷಿತ’ ಎಂದು ಘೋಷಿಸಲು ಅವಕಾಶ ಕೊಟ್ಟಿದೆ. ಅವುಗಳ ಕಾವಲಿಗೆಂದೇ 2014ರಲ್ಲಿ ರಾಷ್ಟ್ರಮಟ್ಟದ ಸಂಸ್ಥೆ ಎನ್‌ಸಿಐಐಪಿಸಿ ಹುಟ್ಟಿತು. ದಾಳಿ ಗಮನಕ್ಕೆ ಬಂದ ಆರು ಗಂಟೆಯೊಳಗೆ ಕೇಂದ್ರದ ಸೈಬರ್ ತುರ್ತು ಸ್ಪಂದನಾ ಸಂಸ್ಥೆ ಸರ್ಟ್-ಇನ್‌ಗೆ ವರದಿ ಮಾಡಬೇಕೆಂದು 2022ರ ಏಪ್ರಿಲ್‌ನಲ್ಲಿ ಆದೇಶವಾಯಿತು. 2024ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರವೂ ತನ್ನ ಸೈಬರ್ ಭದ್ರತಾ ನೀತಿ ತಂದಿತು. ಅಲ್ಲಿಗೆ ನೀತಿ ಐಟಿ-ಬಿಟಿ ಇಲಾಖೆಯದು, ನೋಂದಣಿ ಕಂದಾಯದ್ದು, ಎಪಿಎಂಸಿ ಕೃಷಿ ಮಾರಾಟದ್ದು, ಪೊಲೀಸರು ಗೃಹ ಇಲಾಖೆಯವರು, ಆರು ಗಂಟೆಯ ವರದಿ ದೆಹಲಿಗೆ. ಕಡತ ಇಷ್ಟು ಮೇಜು ಸುತ್ತಿ ಬರುವಷ್ಟರಲ್ಲಿ ಕಳ್ಳ ಕೆಲಸ ಮುಗಿಸಿರುತ್ತಾನೆ. 2019ರಲ್ಲಿ ರಾಜ್ಯದ ಇ-ಪ್ರೊಕ್ಯೂರ್‌ಮೆಂಟ್ ವ್ಯವಸ್ಥೆಗೆ ನುಗ್ಗಿ 11.5 ಕೋಟಿ ರೂಪಾಯಿ ದೋಚಿದ ಪ್ರಕರಣ ವಿಧಾನಸೌಧಕ್ಕೆ ಮರೆತುಹೋಗಿರಲಾರದು.

ಇದರಲ್ಲಿ ನನ್ನನ್ನು ಹೆಚ್ಚು ಕೆರಳಿಸುವುದು ಗುಟ್ಟು. ಆರು ಗಂಟೆಯೊಳಗೆ ದೆಹಲಿಗೆ ತಿಳಿಸಬೇಕು, ಕಚೇರಿ ಮುಂದೆ ನಿಂತವನಿಗೆ ತಿಳಿಸುವ ಗಡುವು ಆ ಆದೇಶದಲ್ಲಿಲ್ಲ. 2023ರ ನವೆಂಬರ್‌ನಲ್ಲಿ ಸರ್ಟ್-ಇನ್ ಸಂಸ್ಥೆಯನ್ನು ಮಾಹಿತಿ ಹಕ್ಕು ಕಾಯ್ದೆಯಿಂದಲೂ ಹೊರಗಿಟ್ಟರು. ಬೀಗದ ಕೈ ಎಲ್ಲಿದೆ ಎಂದು ಯಾರೂ ಕೇಳುತ್ತಿಲ್ಲ. ಬಾಗಿಲು ಒಡೆದಿದೆಯೇ, ನನ್ನ ಪಹಣಿ, ನನ್ನ ಆಧಾರ್ ಕಳ್ಳನ ಕೈ ಸೇರಿದೆಯೇ ಎಂದು ಕೇಳುವ ಹಕ್ಕು ತೆರಿಗೆ ಕಟ್ಟುವವನಿಗೆ ಇರಲೇಬೇಕು.

ವಿದ್ಯುತ್ ಜಾಲ, ಅಣುಸ್ಥಾವರ ಇರುವಾಗ ಕೊಬ್ಬರಿ ಮಂಡಿ ಯಾವ ಲೆಕ್ಕ ಎನ್ನುವವರಿದ್ದಾರೆ. ಆದರೆ ಸಣ್ಣವರಿಗೂ ದಾಳಿಯ ಪೆಟ್ಟು ಬೀಳುತ್ತದೆ. 2024ರ ಜುಲೈ ಕೊನೆಯಲ್ಲಿ ಬ್ಯಾಂಕುಗಳಿಗೆ ತಂತ್ರಾಂಶ ಒದಗಿಸುವ ಸಿ-ಎಡ್ಜ್ ಎಂಬ ಒಂದೇ ಕಂಪನಿಯ ಮೇಲೆ ರ‍್ಯಾನ್ಸಮ್‌ವೇರ್ ದಾಳಿಯಾಗಿ, ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ವ್ಯವಸ್ಥೆ ಕಡಿದುಹೋಯಿತು. ಸಹಕಾರಿ, ಗ್ರಾಮೀಣ ಬ್ಯಾಂಕುಗಳೇ ಅವು, ದೊಡ್ಡವರು ಲೆಕ್ಕಕ್ಕೆ ಹಿಡಿಯದಂಥವು. ವಿದ್ಯುತ್ ಜಾಲದ ಮಾತಿಗೇ ಬಂದರೆ, 2015ರ ಡಿಸೆಂಬರ್‌ನಲ್ಲಿ ಉಕ್ರೇನಿನಲ್ಲಿ ಸೈಬರ್ ದಾಳಿಕೋರರು ಸುಮಾರು 2.25 ಲಕ್ಷ ಗ್ರಾಹಕರ ಮನೆಯ ದೀಪ ಆರಿಸಿದರಲ್ಲ, ಅಲ್ಲಿ ಕೆಲವೇ ಗಂಟೆಗಳಲ್ಲಿ ಕರೆಂಟು ಮರಳಿತು. ಸಿಬ್ಬಂದಿ ಸಬ್‌ಸ್ಟೇಷನ್‌ಗಳಿಗೆ ಹೋಗಿ ಕೈಯಿಂದಲೇ ಸ್ವಿಚ್ ಹಾಕಿದರು. ಹಾಕುವ ಅಧಿಕಾರವೂ ಗೊತ್ತಿರುವ ಕೈಯೂ ಸ್ಥಳದಲ್ಲೇ ಇದ್ದವು.

ನಮ್ಮ ತಾಲ್ಲೂಕುಗಳಿಗೆ ಬೇಕಾದದ್ದು ಇದೇ. ಆನ್‌ಲೈನ್ ಟೆಂಡರ್ ನಿಂತರೆ ಅದೇ ದಿನ ಚೀಟಿ ಟೆಂಡರ್ ನಡೆಸಿ, ಎಲ್ಲರ ಮುಂದೆ ಪೆಟ್ಟಿಗೆ ತೆರೆಯಲು ಎಪಿಎಂಸಿ ಕಾರ್ಯದರ್ಶಿಗೆ ಲಿಖಿತ ಅಧಿಕಾರ ಕೊಡಿ. ಮೇಲಿನವರ ಫೋನಿಗೆ ಅವರು ಕಾಯಬಾರದು. ಕಾವೇರಿ ನಿಂತರೆ ಕಾಗದದ ಮೇಲೆ ಅರ್ಜಿ ಪಡೆದು, ಸರದಿ ಸಂಖ್ಯೆ ಕೊಟ್ಟು, ಅದೇ ದಿನಾಂಕದ ಹಕ್ಕು ಉಳಿಸುವ ಅಧಿಕಾರವನ್ನು ಉಪನೋಂದಣಾಧಿಕಾರಿಗೆ ಕೊಡಿ. ವರ್ಷಕ್ಕೊಮ್ಮೆ ಬೇಕೆಂದೇ ಸರ್ವರ್ ನಿಲ್ಲಿಸಿ ಅಭ್ಯಾಸ ಮಾಡಿಸಿ, ಬರೀ ಸುತ್ತೋಲೆಯಿಂದ ಯಾರ ಕೈಯೂ ಪಳಗುವುದಿಲ್ಲ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಮೂವರು ಶಾಸಕರು ಪಕ್ಷ ಬದಿಗಿಟ್ಟು ಮುಂದಿನ ಅಧಿವೇಶನದಲ್ಲಿ ಒಟ್ಟಿಗೆ ಕೇಳಲಿ: ಕಾವೇರಿಗೂ ಏಕೀಕೃತ ಮಾರುಕಟ್ಟೆ ವೇದಿಕೆಗೂ ಕೊನೆಯ ಭದ್ರತಾ ತಪಾಸಣೆ ನಡೆದದ್ದು ಯಾವತ್ತು, ಅದರಲ್ಲಿ ಕಂಡ ದೋಷಗಳಲ್ಲಿ ಎಷ್ಟನ್ನು ಸರಿಪಡಿಸಿದ್ದೀರಿ, ಉಳಿದವಕ್ಕೆ ಹೊಣೆ ಯಾವ ಅಧಿಕಾರಿ? ಉತ್ತರ ಸದನದ ಕಡತದಲ್ಲಿ ದಿನಾಂಕ, ಹುದ್ದೆ ಸಮೇತ ದಾಖಲಾಗಬೇಕು.