ಕಾಯಕವೂ ರಾಜೀನಾಮೆಯೂ

ರಾಜೀನಾಮೆ ಎಂಬ ಶಬ್ದದ ಕಡೆಗೆ ನಮ್ಮ ವಿದ್ಯಾರ್ಥಿಗಳ ಲಕ್ಷ್ಯವನ್ನು ನಾನು ಆಗಾಗ್ಗೆ ಸೆಳೆಯುವುದುಂಟು. ಅದು ಅಚ್ಚಗನ್ನಡದ ಪದವಲ್ಲ, ಸಂಸ್ಕೃತಜನ್ಯವೂ ಅಲ್ಲ. ಕಚೇರಿಯ ಬಾಗಿಲಿನಿಂದ ನಮ್ಮ ನುಡಿಯೊಳಗೆ ಬಂದ ಪಾರಸಿ ಸಮಾಸ. ‘ರಾಜಿ’ ಎಂದರೆ ಸಮ್ಮತಿ, ‘ನಾಮೆ’ ಎಂದರೆ ಪತ್ರ. ವಾದಿ ಪ್ರತಿವಾದಿಗಳು ಒಡಂಬಟ್ಟು ನ್ಯಾಯಸ್ಥಾನಕ್ಕೆ ಒಪ್ಪಿಸುವ ಪತ್ರವೂ, ರೈತನು ತನ್ನ ಭೂಮಿಯನ್ನು ಬಿಟ್ಟುಕೊಡಲು ಒಪ್ಪಿ ಕಂದಾಯ ಕಚೇರಿಗೆ ಬರೆದುಕೊಡುವ ಪತ್ರವೂ ಹಿಂದೆ ರಾಜೀನಾಮೆಯೇ ಆಗಿದ್ದವು. ಕಾಲಕ್ರಮದಲ್ಲಿ ಹುದ್ದೆಯನ್ನು ತ್ಯಜಿಸುವ ಪತ್ರಕ್ಕೆ ಆ ಹೆಸರು ನೆಲೆಯಾಗಿ ನಿಂತಿತು. ಇನ್ನು ಮುಂದೆ ರಾಜಿಯಾಗಲಾರೆನೆಂದು ಎದ್ದು ಬರುವವನು ಬರೆಯುವ ಕಾಗದಕ್ಕೂ ರಾಜಿಯ ಪತ್ರವೆಂದೇ ಹೆಸರು! ಭಾಷೆಗೆ ಇಂತಹ ವಿನೋದಗಳು ಸಹಜ. ಆದರೆ ಸಮಾಜವು ಆ ಪತ್ರವನ್ನು ಹೇಗೆ ಓದುತ್ತದೆಂಬುದು ವಿನೋದದ ಮಾತಲ್ಲ. ನಮ್ಮ ಸೀಮೆಯಲ್ಲಿ ‘ಕೆಲಸ ಬಿಟ್ಟವನು’ ಎಂಬುದು ಬೈಗುಳಕ್ಕೆ ಸಮೀಪವಾದ ನುಡಿ. ಏಕೆ ಬಿಟ್ಟನೆಂದು ಕೇಳುವವರು ವಿರಳ.

ಕಾಯಕದಲ್ಲಿಯೇ ಕೈಲಾಸವನ್ನು ಕಂಡ ನುಡಿಯನ್ನು ನಾವು ಶಾಲೆಯ ಗೋಡೆಗಳ ಮೇಲೆ ಬರೆಸುತ್ತೇವೆ. ಈಚೆಗೆ ದೊಡ್ಡ ದೊಡ್ಡ ಉದ್ಯಮಗಳ ಸಭಾಂಗಣಗಳಲ್ಲಿಯೂ ಅದು ರಾರಾಜಿಸುತ್ತಿದೆ. ಅಲ್ಲಿ ಅದಕ್ಕೆ ಹಚ್ಚುವ ಅರ್ಥ ಬೇರೆ: ಕೊಟ್ಟ ಕೆಲಸವನ್ನು ಪ್ರಶ್ನಿಸದೆ ಮಾಡು, ಅದೇ ನಿನಗೆ ಮೋಕ್ಷ. ಆ ನುಡಿಯನ್ನಾಡಿದ ಮಾರಯ್ಯನ ಬಾಳನ್ನು ಬಲ್ಲವರು ಈ ಅರ್ಥವನ್ನು ಒಪ್ಪಲಾರರು. ಆಯ್ದಕ್ಕಿ ಮಾರಯ್ಯ ನಮ್ಮ ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವನು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದವನು. ಒಂದು ದಿನ ಎಂದಿನ ಪ್ರಮಾಣಕ್ಕಿಂತ ಹೆಚ್ಚು ಅಕ್ಕಿ ತಂದಾಗ ಅವನ ಮಡದಿ ಲಕ್ಕಮ್ಮ ಅದನ್ನು ಒಲೆಯ ಮೇಲಿಡಲಿಲ್ಲ. ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬಾ ಎಂದಳು. ಶೂನ್ಯಸಂಪಾದನೆಯಲ್ಲಿ ಈ ಪ್ರಸಂಗಕ್ಕೆ ದೊರೆತ ಸ್ಥಾನವನ್ನು ಬಲ್ಲವರೇ ಬಲ್ಲರು. ನಾವು ಸಾಮಾನ್ಯವಾಗಿ ಇದನ್ನು ಅಪರಿಗ್ರಹದ ನಿದರ್ಶನವಾಗಿ ಬೋಧಿಸುತ್ತೇವೆ. ನನಗೆ ಇದರಲ್ಲಿ ಇನ್ನೊಂದು ಸಂಗತಿ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಮಾರಯ್ಯ ಹಿಂದಿರುಗಿ ಹೋಗಲು ಸಾಧ್ಯವಾದದ್ದು ಮನೆಯಲ್ಲಿ ಲಕ್ಕಮ್ಮ ಇದ್ದುದರಿಂದ. ತಂದದ್ದು ಸಾಲದೆಂದು ಗೊಣಗುವ ಮನೆಯಾಗಿದ್ದರೆ ಅವನ ಕಾಯಕಶುದ್ಧಿ ಎಷ್ಟು ದಿನ ಉಳಿಯುತ್ತಿತ್ತು?

ಈ ಮಾತನ್ನು ಇಂದಿನ ನಮ್ಮ ಹುಡುಗರ ಬಾಳಿಗೆ ಹೊಂದಿಸಿ ನೋಡೋಣ. ದೇವದುರ್ಗ, ಮಾನ್ವಿಗಳಿಂದ ಓದಲು ಬರುವ ಮಕ್ಕಳಲ್ಲಿ ಅನೇಕರ ಮನೆಯಲ್ಲಿ ತಿಂಗಳ ಸಂಬಳ ಕಂಡವರೇ ಇಲ್ಲ. ಅವರ ತಂದೆತಾಯಿಗಳು ಸುಗ್ಗಿ ಮುಗಿಯುತ್ತಲೇ ಗುಳೆ ಹೊರಟು ಬೆಂಗಳೂರಿನ ಕಟ್ಟಡಗಳಿಗೆ ಕಲ್ಲು ಹೊರುವವರು. ಅಂತಹ ಮನೆಯ ಹುಡುಗ ಪದವಿ ಪಡೆದು ಮೊದಲ ನೌಕರಿಗೆ ಸೇರುತ್ತಾನೆ. ಎಲ್ಲಿ ಸೇರುತ್ತಾನೆ? ಬೀಜ, ಔಷಧಿ ಮಾರುವ ಕಂಪನಿಯಲ್ಲಿ. ಇಲ್ಲವೆ ಕಿರುಸಾಲ ಕೊಡುವ ಹಣಕಾಸು ಸಂಸ್ಥೆಯಲ್ಲಿ. ಎರಡೂ ಅವನನ್ನು ಅವನ ಬಂಧುಗಳ ಬಾಗಿಲಿಗೇ ಕಳುಹಿಸುತ್ತವೆ.

ನನ್ನಲ್ಲಿ ಹಳಗನ್ನಡ ಓದಿದ ತರುಣನೊಬ್ಬ ಮಾನ್ವಿಯ ಸುತ್ತಿನ ಹಳ್ಳಿಗಳಲ್ಲಿ ಇಂತಹ ಸಾಲದ ವಸೂಲಿಗೆ ನೇಮಕಗೊಂಡಿದ್ದನು. ಸಂಸ್ಥೆಯ ಹೆಸರು ಇಲ್ಲಿ ಅಪ್ರಸ್ತುತ. ಗುಂಪಿನ ಒಬ್ಬ ಹೆಣ್ಣುಮಗಳು ಕಂತು ಕಟ್ಟದಿದ್ದರೆ ಉಳಿದವರು ತುಂಬಿಕೊಡಬೇಕೆಂಬುದು ಆ ಸಾಲದ ಕಟ್ಟಳೆ. ಆದುದರಿಂದ ನೆರೆಹೊರೆಯವರನ್ನೇ ಅವಳ ಬಾಗಿಲಲ್ಲಿ ಕುಳ್ಳಿರಿಸುವುದು ವಸೂಲಿಯ ಸುಲಭೋಪಾಯ. ದೀಪ ಹಚ್ಚುವ ಹೊತ್ತಿನವರೆಗೂ ಹಾಗೆ ಕುಳ್ಳಿರಿಸಿ ಹಣ ತರುವುದೇ ಅವನ ಉದ್ಯೋಗವಾಯಿತು. ಆರೇಳು ತಿಂಗಳಲ್ಲಿ ಬಿಟ್ಟು ಬಂದನು. ಅವನ ತಂದೆ ಶಾಲೆಗೇ ಬಂದು, “ನಿಮ್ಮ ಸಾಲಿ ಕಲಿಸಿದ್ದು ಇದನ್ನೇನ್ರಿ?” ಎಂದು ಕೇಳಿದರು. ಹೌದು, ಇದನ್ನೇ ಎಂದು ನಾನು ಹೇಳಿದೆ. ಹೇಳುವುದು ನನಗೆ ಸುಲಭ. ನನ್ನ ವೇತನ ತಿಂಗಳಿಗೆ ಸರಿಯಾಗಿ ಬರುತ್ತದೆ. ಅವನು ಬಿಟ್ಟ ಮೇಲೆ, 2025ರ ಫೆಬ್ರವರಿಯಲ್ಲಿ, ರಾಜ್ಯ ಸರ್ಕಾರವು ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು: 10 ವರ್ಷಗಳವರೆಗೆ ಸೆರೆ, 5 ಲಕ್ಷ ರೂಪಾಯಿಗಳವರೆಗೆ ದಂಡ. ಶಾಸನಕ್ಕೆ ಆಮೇಲೆ ಕಂಡದ್ದು ಆ ಹುಡುಗನಿಗೆ ಮೊದಲೇ ಕಂಡಿತ್ತು.

ದೊಡ್ಡ ಹುದ್ದೆಯಲ್ಲಿದ್ದವರ ಸಂಗತಿ ಹೇಗೆ? ಬೀಜದ ವ್ಯಾಪಾರವನ್ನೇ ತೆಗೆದುಕೊಳ್ಳೋಣ. ಹತ್ತಿಯ ಪೇಟೆಯೆಂದು ಹೆಸರಾದ ರಾಯಚೂರಿಗೆ ಅದು ದೂರದ ವಿಷಯವಲ್ಲ. 1998ರ ನವೆಂಬರಿನಲ್ಲಿ ನಮ್ಮ ಸಿಂಧನೂರು ತಾಲ್ಲೂಕಿನಲ್ಲಿಯೇ ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರ ನೇತೃತ್ವದ ರೈತಸಂಘವು ಬಿ.ಟಿ. ಹತ್ತಿಯ ಪ್ರಾಯೋಗಿಕ ಬೆಳೆಯನ್ನು ಕಿತ್ತು ಸುಟ್ಟಿತು. 2002ರಲ್ಲಿ ಆ ಹತ್ತಿಗೆ ಸರ್ಕಾರದ ಅನುಮತಿ ದೊರೆತು, ಇಂದು ನಮ್ಮ ಎರೆಹೊಲಗಳಲ್ಲಿ ಬೇರೆ ಹತ್ತಿ ಕಾಣುವುದೇ ದುರ್ಲಭ. ಮುಂದೆ ಬಿ.ಟಿ. ಬದನೆಯ ಸರದಿ ಬಂದಾಗ, 2010ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಕೇಂದ್ರ ಸಚಿವ ಜೈರಾಮ್ ರಮೇಶ್ ಅವರು ಕರೆದ ಸಾರ್ವಜನಿಕ ಸಮಾಲೋಚನೆಯಲ್ಲಿ ವೃದ್ಧರೊಬ್ಬರು ಎದ್ದು ಮಾತನಾಡಿದರು. ಅವರು ತಿರುವಾಡಿ ಜಗದೀಶನ್. ಮಾನ್ಸಾಂಟೊ ಸಂಸ್ಥೆಯಲ್ಲಿ ಸುಮಾರು ಎರಡು ದಶಕ ದುಡಿದು, ಎಂಟು ವರ್ಷ ಅದರ ಭಾರತೀಯ ಶಾಖೆಯ ವ್ಯವಸ್ಥಾಪಕ ನಿರ್ದೇಶಕರಾಗಿದ್ದವರು. ಸಂಸ್ಥೆಯು ನಮ್ಮ ದೇಶವನ್ನು ಶೋಷಿಸುತ್ತಿದೆಯೆಂದು ತೋರಿದ್ದರಿಂದ ಅವಧಿಗೆ ಮುನ್ನವೇ ನಿವೃತ್ತರಾದೆನೆಂದೂ, ಅನುಮತಿ ಪಡೆಯಲು ಸುಳ್ಳು ಅಂಕಿಅಂಶಗಳನ್ನು ಒಪ್ಪಿಸುವ ಪರಿಪಾಠವಿತ್ತೆಂದೂ ಅವರು ಆರೋಪಿಸಿದರು. ಸಂಸ್ಥೆಯು ಅದನ್ನು ಒಪ್ಪಲಿಲ್ಲ. ಮೂರು ದಿನಗಳ ಅನಂತರ, ಫೆಬ್ರವರಿ 9ರಂದು, ಸಚಿವರು ಬಿ.ಟಿ. ಬದನೆಗೆ ತಡೆ ವಿಧಿಸಿದರು. ಅದಕ್ಕೆ ಕಾರಣಗಳು ಹಲವು. ಒಬ್ಬರ ಮಾತಿನಿಂದ ಆದದ್ದೆಂದು ನಾನು ಹೇಳುವುದಿಲ್ಲ.

ಜಗದೀಶನ್ ಅವರನ್ನು ನಾನು ಗೌರವಿಸುತ್ತೇನೆ. ಆದರೂ ಒಂದು ಮಾತು ಮನಸ್ಸನ್ನು ಕೊರೆಯುತ್ತದೆ. ಅವರು ಸಂಸ್ಥೆಯನ್ನು ಬಿಟ್ಟದ್ದು ಎಂಬತ್ತರ ದಶಕದಲ್ಲಿ, ಹೀಗೆ ಬಹಿರಂಗವಾಗಿ ನುಡಿದದ್ದು 2010ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ. ನಡುವಣ ಇಪ್ಪತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಎಷ್ಟು ಬಿತ್ತನೆಗಳು ನಡೆದುಹೋದವು! ಬಿಡುವುದು ಒಂದು ಗುಣ, ಬಿಟ್ಟ ಕಾರಣವನ್ನು ಹೇಳುವುದು ಇನ್ನೊಂದು. ಮೊದಲನೆಯದು ಬಿಟ್ಟವನನ್ನು ಮಾತ್ರ ಕಾಪಾಡುತ್ತದೆ.

ಹೇಳಿಯೇ ಬಿಟ್ಟವರೂ ಉಂಟು. ನಮ್ಮ ಜಿಲ್ಲೆಯ ಜಿಲ್ಲಾಧಿಕಾರಿಯಾಗಿದ್ದ ಎಸ್. ಸಸಿಕಾಂತ್ ಸೆಂಥಿಲ್ ಅವರು 2019ರ ಸೆಪ್ಟೆಂಬರ್ 6ರಂದು ದಕ್ಷಿಣ ಕನ್ನಡದಲ್ಲಿದ್ದಾಗ ಸೇವೆಯನ್ನು ತ್ಯಜಿಸಿ, ಪ್ರಜಾಪ್ರಭುತ್ವದ ಬುನಾದಿಯೇ ಸಡಿಲಗೊಳ್ಳುತ್ತಿರುವಾಗ ಅಧಿಕಾರಿಯಾಗಿ ಮುಂದುವರಿಯುವುದು ನೈತಿಕವಲ್ಲವೆಂಬ ಭಾವವನ್ನು ಪತ್ರದಲ್ಲಿಯೇ ಬರೆದರು. 2020ರಲ್ಲಿ ಅವರು ಕಾಂಗ್ರೆಸ್ ಪಕ್ಷವನ್ನು ಸೇರಿದರು, 2024ರಲ್ಲಿ ತಮಿಳುನಾಡಿನ ತಿರುವಳ್ಳೂರಿನಿಂದ ಲೋಕಸಭೆಗೆ ಆಯ್ಕೆಯಾದರು. ಆ ಕಾರಣಕ್ಕೆ ಮೊದಲಿನ ತ್ಯಾಗವೇ ಕಪಟವೆನ್ನುವವರನ್ನು ನಾನು ನಮ್ಮ ಶಿಕ್ಷಕರ ಕೊಠಡಿಯಲ್ಲಿಯೇ ಕೇಳಿದ್ದೇನೆ. ಪಕ್ಷದ ವಿಚಾರ ಅವರವರಿಗೆ ಬಿಟ್ಟದ್ದು. ಪತ್ರ ಬರೆದ ದಿನ ಅವರು ಕಳೆದುಕೊಂಡದ್ದು ಮಾತ್ರ ನಿಜವಾದ ಹುದ್ದೆ.

ಒಳ್ಳೆಯವರೆಲ್ಲ ಬಿಟ್ಟು ಬಂದರೆ ಉಳಿಯುವವರು ಯಾರು ಎಂಬ ಪ್ರಶ್ನೆಯನ್ನು ವಿದ್ಯಾವಂತರು ಮುಂದಿಡುತ್ತಾರೆ. ಪ್ರಶ್ನೆ ಹುರುಳಿಲ್ಲದ್ದಲ್ಲ. ಒಳಗಿದ್ದು ತಿದ್ದುವವನ ಶಕ್ತಿ ದೊಡ್ಡದು. ಆದರೆ ಅದಕ್ಕೊಂದು ಗಡಿಯುಂಟು: ಸುಳ್ಳಿನ ಕಾಗದ ಅವನ ಸಹಿಗೇ ಬಂದು ನಿಂತ ದಿನ ಅವನು ತಿದ್ದುವವನಾಗಿ ಉಳಿಯುವುದಿಲ್ಲ, ಪಾಲುದಾರನಾಗುತ್ತಾನೆ.

ಹಿರಿಯರು ಇನ್ನೊಂದು ದೃಷ್ಟಾಂತ ಕೊಡುತ್ತಾರೆ. 1947-48ರಲ್ಲಿ ಹೈದರಾಬಾದ್ ಸಂಸ್ಥಾನದ ವಕೀಲರು ನ್ಯಾಯಾಲಯಗಳನ್ನು ಬಹಿಷ್ಕರಿಸಿದರು, ಪಟೇಲ ಪಟವಾರಿಗಳಲ್ಲಿ ಅನೇಕರು ರಾಜೀನಾಮೆಯಿತ್ತರು. ಅಂತಹ ಕೆಚ್ಚು ಇಂದಿನವರಿಗೆ ಎಲ್ಲಿದೆ ಎನ್ನುತ್ತಾರೆ. ಆ ತ್ಯಾಗ ವಂದನೀಯ. ಆದರೆ ಪಟೇಲರಿಗೆ ಹೊಲವಿತ್ತು, ವಕೀಲರಿಗೆ ಮನೆಯಿತ್ತು, ಬೆನ್ನಿಗೆ ಒಂದು ಚಳವಳಿಯಿತ್ತು. ದೇವದುರ್ಗದ ಹುಡುಗನಿಗೆ ಇರುವುದು ಓದಿಗಾಗಿ ಮಾಡಿದ ಬ್ಯಾಂಕಿನ ಸಾಲ, ತಂಗಿಯ ಮದುವೆ, ತಿಂಗಳ ಐದನೆಯ ತಾರೀಖಿನ ಕಂತು. ಅವನು ಒಬ್ಬಂಟಿಯಾಗಿ ಬಿಡಬೇಕು. ಕೆಚ್ಚಿನ ಪಾಠವನ್ನು ಅವನಿಗೆ ಬೋಧಿಸಿ ನಾವು ಕೈತೊಳೆದುಕೊಳ್ಳುವುದು ನ್ಯಾಯವಲ್ಲ.

ಆದುದರಿಂದ ಈ ಸಂಚಿಕೆಯ ಓದುಗರಲ್ಲಿ ನನ್ನದೊಂದು ನಿವೇದನೆ. ಶಿಕ್ಷಕ ಬಂಧುಗಳು, ಹಳೆಯ ವಿದ್ಯಾರ್ಥಿ ಭೇಟಿಗೆ ಬಂದಾಗ ‘ಎಷ್ಟು ಬರುತ್ತದೆ’ ಎಂದು ಕೇಳುವ ಮೊದಲು ‘ಏನು ಮಾಡಿಸುತ್ತಾರೆ’ ಎಂದು ಕೇಳಲಿ. ದಾನಿಗಳು ಮುನಿಯಬಾರದು, ಅವರಲ್ಲಿ ಉದ್ಯಮಗಳನ್ನು ನಡೆಸುವವರಿದ್ದಾರೆ, ನಮ್ಮ ಹುಡುಗರಿಗೆ ಕೆಲಸ ಕೊಟ್ಟವರಿದ್ದಾರೆ. ತಮ್ಮ ಅಂಗಡಿಯಲ್ಲಿ ಆ ಹುಡುಗನು ಯಾವ ಕಾಗದಕ್ಕೆ ಸಹಿ ಹಾಕುತ್ತಿದ್ದಾನೆಂಬುದನ್ನು ಒಮ್ಮೆ ನೋಡಿದರೆ ಅದು ಶಾಲೆಗೆ ಕಟ್ಟಿಸಿಕೊಟ್ಟ ಕೊಠಡಿಗಿಂತ ಕಡಿಮೆಯ ದಾನವಾಗದು.

ಚಿನ್ನದ ಪದಕಗಳಿಗೆ ನಮ್ಮಲ್ಲಿ ದತ್ತಿಗಳ ಕೊರತೆಯಿಲ್ಲ. ಅವುಗಳ ಜೊತೆಗೆ ಇನ್ನೊಂದು ದತ್ತಿಯಿರಲಿ. ಆತ್ಮಸಾಕ್ಷಿಗೆ ಒಪ್ಪದ ಕೆಲಸವನ್ನು ಬಿಟ್ಟು ಬಂದ ಹಳೆಯ ವಿದ್ಯಾರ್ಥಿಗೆ, ಇನ್ನೊಂದು ಕೆಲಸ ದೊರೆಯುವವರೆಗೆ, ಆರು ತಿಂಗಳ ಮಟ್ಟಿಗೆ ಬಡ್ಡಿಯಿಲ್ಲದ ಸಾಲ. ಬಿಟ್ಟ ಕಾರಣವನ್ನು ಮೂವರು ಹಿರಿಯರ ಮುಂದೆ ಬಾಯಿಬಿಟ್ಟು ಹೇಳಬೇಕೆಂಬುದೊಂದೇ ನಿಬಂಧನೆ. ಸೋಮಾರಿಗಳು ಬಂದಾರೆಂಬ ಭಯ ಬೇಡ. ನಲವತ್ತು ವರ್ಷ ಹುಡುಗರನ್ನು ಕಂಡ ಶಾಲೆಗೆ ಸೋಮಾರಿ ಯಾರೆಂದು ತಿಳಿಯದೆ? ಮೊದಲ ಕಂತಾಗಿ ನನ್ನ ಒಂದು ತಿಂಗಳ ವೇತನವನ್ನು ಆಡಳಿತ ಮಂಡಳಿಗೆ ಒಪ್ಪಿಸಿದ್ದೇನೆ. ದತ್ತಿಗೆ ಯಾರ ಹೆಸರಿಡಬೇಕೆಂಬುದನ್ನು ದಾನಿಗಳೇ ನಿಶ್ಚಯಿಸಲಿ. ನನ್ನನ್ನು ಕೇಳಿದರೆ, ಲಕ್ಕಮ್ಮನದು.